ಟೊಯೋಟಾ ಓನರ್‌ಗಳೆಲ್ಲ ಯಾಕೆ ಒಂದೇ ಡೈಲಾಗ್ ಹೊಡೀತಾರೆ? ಹಳೇ ಕ್ರಿಸ್ಟಾನಾ, ಹೊಸ ಹೈರೈಡರ್ರಾ?

ಹಾಸನ್_ಹೈದ
ಎಲ್ರಿಗೂ ನಮಸ್ಕಾರ. ಮನೇಲಿ ಗಾಡಿ ಚೇಂಜ್ ಮಾಡೋ ಮಾತು ನಡೀತಿದೆ. ಅಪ್ಪ ಅಮ್ಮ ಹಾಸನದಲ್ಲಿ, ನಾನು ಬೆಂಗ್ಳೂರಲ್ಲಿ, ಓಡಾಟ ಇದ್ದೇ ಇರುತ್ತೆ, ವರ್ಷಕ್ಕೊಂದ್ಸಲ ಧರ್ಮಸ್ಥಳ ಸುಬ್ರಹ್ಮಣ್ಯ ಕೂಡ. ಬಜೆಟ್ ಆನ್ ರೋಡ್ 20 ಲಕ್ಷದ ಆಸುಪಾಸು. ಚಿಕ್ಕಪ್ಪ ಸೆಕೆಂಡ್ ಹ್ಯಾಂಡ್ ಇನ್ನೋವಾ ಕ್ರಿಸ್ಟಾ ತಗೋ, ಕಣ್ಮುಚ್ಕೊಂಡು ತಗೋ ಅಂತ ಒಂದೇ ಹಠ. ನಂಗೆ ಹೈರೈಡರ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ನು, ಬ್ಯಾಟ್ರಿ ಮೋಟರ್ರು ಎರಡೂ ಇರೋದು) ಮೇಲೆ ಮನಸ್ಸು.

ಆದ್ರೆ ಅದಕ್ಕಿಂತ ಮುಂಚೆ ಒಂದು ಡೌಟ್. ಯಾವ ಟೊಯೋಟಾ ಓನರ್‌ನ ಕೇಳಿದ್ರೂ ಅದೇ ಮೂರು ಮಾತು ಬರುತ್ತೆ. ಕೈ ಕೊಟ್ಟಿಲ್ಲ, ರೀಸೇಲ್ ಇದೆ, ಮೇಂಟೆನೆನ್ಸ್ ತಲೆನೋವಿಲ್ಲ. ಓಡಿಸೋಕೆ ಮಜಾ ಇದೆ ಅಂತ ಒಬ್ರೂ ಹೇಳಲ್ಲ, ನೋಡೋಕೆ ಚೆನ್ನಾಗಿದೆ ಅಂತಾನೂ ಹೇಳಲ್ಲ. ಇದು ನಿಜವಾದ ತೃಪ್ತಿನಾ ಅಥವಾ ಅಷ್ಟೊಂದು ದುಡ್ಡು ಸುರಿದ ಮೇಲೆ ನಮಗೆ ನಾವೇ ಹೇಳ್ಕೊಳ್ಳೋ ಸಮಾಧಾನನಾ? ಹಿಸ್ಟರಿ ಗೊತ್ತಿರೋರು, ಓಡ್ಸಿರೋರು, ರಿಪೇರಿ ಮಾಡೋರು ಯಾರಾದ್ರೂ ಇದ್ರೆ ಬಿಡಿಸಿ ಹೇಳಿ ಪ್ಲೀಸ್. ಬರೀ "ಕ್ರಿಸ್ಟಾ ಈಸ್ ಕಿಂಗ್" ಅಂತ ಹಾಕ್ಬೇಡಿ.

ರಾಜಾಹುಲಿ_ಮಂಡ್ಯ
ಕ್ರಿಸ್ಟಾ ಈಸ್ ಕಿಂಗ್

ಯೆಲ್ಲೋಬೋರ್ಡ್_ಸಿದ್ದು
ನಾನು ಬಾಡಿಗೆ ಗಾಡಿ ಓಡಿಸೋನು. ಕ್ವಾಲಿಸ್‌ನಿಂದ ಶುರು. ಬೆಂಗ್ಳೂರಲ್ಲಿ ಕಾಲ್ ಸೆಂಟರ್ ಕ್ಯಾಬ್ ಅಂದ್ರೆ ಆಗ ಕ್ವಾಲಿಸ್ಸೇ, ರಾತ್ರಿ ಪಿಕಪ್ಪು ಡ್ರಾಪು ಎರಡು ಶಿಫ್ಟು, ಡ್ರೈವರ್ ಮಲಗ್ತಿದ್ದ ಗಾಡಿ ಮಲಗ್ತಿರ್ಲಿಲ್ಲ. ಟರ್ಬೋ ಇರ್ಲಿಲ್ಲ, ಪಿಕಪ್ ಇರ್ಲಿಲ್ಲ, ಘಾಟ್ ಹತ್ತುವಾಗ ಹಿಂದಿನ ಲಾರಿಯವನು ಹಾರನ್ ಹೊಡೀತಿದ್ದ, ಆದ್ರೂ ಆ ಗಾಡಿ ಲೋನು ತೀರಿಸ್ತು ತಂಗಿ ಮದುವೆ ಮಾಡ್ತು. 2000ನೇ ಇಸವಿಲಿ ಬಂದಿದ್ದು, 2005ರಲ್ಲಿ ಒಳ್ಳೆ ಮಾರಾಟ ಆಗ್ತಾ ಇರುವಾಗ್ಲೇ ನಿಲ್ಲಿಸಿಬಿಟ್ರು. ನಮ್ ಸ್ಟ್ಯಾಂಡಲ್ಲಿ ಎಲ್ರೂ ತಲೆ ಕೆಟ್ಟಿದೆಯಾ ಇವ್ರಿಗೆ ಅಂತ ಬೈದಿದ್ವಿ. ಆಮೇಲೆ ಇನ್ನೋವಾ ಬಂತು, ಬಾಯಿ ಮುಚ್ಕೊಂಡ್ವಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ ಸಾರ್. ಶಿರಾಡಿಯಲ್ಲಿ ಎಂಟು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು, ಎಸಿ ಆನ್, ಮಧ್ಯದ ಸೀಟಲ್ಲಿ ಕೂತ ಅಜ್ಜಿ ಗೊರಕೆ ಹೊಡೀತಿರ್ತಾರೆ. ಅಜ್ಜಿ ಎಚ್ಚರ ಆಗೋದು ಡೈರೆಕ್ಟ್ ಸುಬ್ರಹ್ಮಣ್ಯದಲ್ಲಿ. ಇಳಿದ ಮೇಲೆ ನನ್ನ ನಂಬರ್ ಕೇಳ್ತಾರೆ, ಮುಂದಿನ ಸಲಾನೂ ನೀನೇ ಬಾಪ್ಪಾ ಅಂತಾರೆ. ಮಜಾ ಗಿಜಾ ಯಾರಿಗೆ ಬೇಕು. ಪಾರ್ಟಿಯವ್ರು ಫೋನ್ ಮಾಡಿ ಇನ್ನೋವಾ ಇದ್ಯಾ ಅಂತಾನೇ ಕೇಳೋದು, ಬೇರೆ ಗಾಡಿ ಕಳಿಸ್ತೀನಿ ಅಂದ್ರೆ ರೇಟ್ ಇಳ್ಸು ಅಂತಾರೆ.

ಟರ್ಬೋ_ತರುಣ್
ಅದೇ ತಾನೆ, ಟ್ಯಾಕ್ಸಿ ಇಕಾನಮಿ. ಮನೆಗೆ ತಗೊಳ್ಳೋರಿಗೆ ಏನು? ನಾನು 140 ಹಾರ್ಸ್‌ಪವರ್ ಎಕ್ಸ್‌ಯುವಿ ಓಡಿಸ್ತಿದ್ದಾಗ ಹಳೇ ಇನ್ನೋವಾದವ್ರು 102 ಹಾರ್ಸ್‌ಪವರ್ ಇಟ್ಕೊಂಡು ಜಂಬ ಕೊಚ್ತಿದ್ರು.

ಗ್ಯಾರೇಜ್_ಮಲ್ಲಪ್ಪ
ತರುಣ್ ಸರ, ಅದೇ 102ರಾಗ ಗುಟ್ಟು ಐತ್ರಿ. ನಂದು ಹುಬ್ಬಳ್ಳ್ಯಾಗ ಗ್ಯಾರೇಜ, ಎಲ್ಲಾ ಕಂಪ್ನಿ ಗಾಡಿ ಬರ್ತಾವ. ಹಳೇ ಇನ್ನೋವಾದ 2ಕೆಡಿ ಇಂಜಿನ್ 2.5 ಲೀಟರ್ ಐತಿ, ಅದರಿಂದ ಅವರು ತಗದದ್ದು ಬರೀ 102. ಅದೇ ಹೊತ್ತಿನ್ಯಾಗ ಬ್ಯಾರೇದವರು 2.2 ಲೀಟರಿಂದ 120 ತಗದ್ರು, 140 ತಗದ್ರು. ಹಿಂಡಿದಷ್ಟೂ ಕೊಡ್ತದ ಇಂಜಿನ್, ಆದ್ರ ಬಿಸಿನೂ ಹೆಚ್ಚ, ಒತ್ತಡಾನೂ ಹೆಚ್ಚ, ಟರ್ಬೋ ಮ್ಯಾಲಿನ ಭಾರಾನೂ ಹೆಚ್ಚ. ಇವರು ಹಿಂಡಲಿಲ್ಲ, ಬಿಟ್ಟಾರ. ಮೂರ್ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಇಂಜಿನ್ ಹೆಡ್ ಬಿಚ್ಚದ ಬರ್ತಾವ ನಮ್ಮ ಕಡೆ, ಅದೇನ್ ದೊಡ್ಡ ಸುದ್ದಿ ಅಲ್ಲ.

ಇನ್ನೊಂದ ಅಂದ್ರ ಇವರು ಲಗೂನ ಏನೂ ಬದಲಿ ಮಾಡಂಗಿಲ್ಲ. ಈ ಇನ್ನೋವಾ, ಫಾರ್ಚೂನರ್, ಹೈಲಕ್ಸ್ ಪಿಕಪ್ ಮೂರೂ ಐಎಂವಿ ಅಂತ ಒಂದೇ ಪ್ಲಾಟ್‌ಫಾರ್ಮ್, ಅಂದ್ರ ಮೂರಕ್ಕೂ ಅಡಿಪಾಯ ಒಂದೇ, 2004ರಾಗ ಶುರು ಆತು. ಥಾಯ್ಲೆಂಡ್, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ, ಎಲ್ಲಾ ಕಡೆ ಅದೇ ಸಾಮಾನು. ಹಂಗಾಗಿ ಬ್ಯಾನಿ ಏನರ ಇದ್ರ ಯಾವದರ ಒಂದ ದೇಶದಾಗ ಮೊದ್ಲ ಗೊತ್ತಾಗಿ ರಿಪೇರಿ ಆಗೇ ಬಿಡ್ತದ. ನಮಗ ರಿಪೇರಿ ಮಾಡಾವರಿಗೂ ಅನುಕೂಲ, ಒಂದ ಗಾಡಿ ಕಲ್ತ್ರ ಹತ್ತು ವರ್ಷ ಹೊಟ್ಟಿಪಾಡು. ಬಾಡಿ ಪಾರ್ಟ್ ತುಟ್ಟಿ ಅದಾವ, ಅದನ್ನ ಸುಳ್ಳ ಹೇಳಂಗಿಲ್ಲ.

ಟರ್ಬೋ_ತರುಣ್
ಮಲ್ಲಪ್ಪ ಅಣ್ಣ ಪಾಯಿಂಟ್ ಸರಿ. ಆದ್ರೆ ಅದನ್ನ "ಜಪಾನೀಸ್ ಕ್ವಾಲಿಟಿ" ಅಂತ ಮಂತ್ರ ಮಾಡ್ಕೊಂಡಿರೋದೇ ನಂಗೆ ಇರಿಟೇಷನ್. ಹುಟ್ಟುತ್ತಲೇ ಪರ್ಫೆಕ್ಟ್ ಅನ್ನೋ ಥರ.

ನಗೋಯಾ_ವಾಸು
ಹುಟ್ಟುತ್ತಲೇ ಪರ್ಫೆಕ್ಟ್ ಅಂತೂ ಖಂಡಿತ ಇರ್ಲಿಲ್ಲ 😄 ಕೆಲಸದ ಮೇಲೆ ನಗೋಯಾದಲ್ಲಿದೀನಿ, ಇಲ್ಲಿ ಟೊಯೋಟಾದ ಮ್ಯೂಸಿಯಂ ಒಂದಿದೆ, ಅವ್ರ ಹಳೇ ಮಗ್ಗದ ಫ್ಯಾಕ್ಟರಿ ಕಟ್ಟಡದಲ್ಲೇ ಮಾಡಿರೋದು. ಒಳಗೆ ಹೋದ್ರೆ ಮೊದಲು ಕಾರಲ್ಲ, ಬರೀ ಮಗ್ಗ, ನೂಲು, ಹತ್ತಿ. ಒಂದು ಮಗ್ಗ ಓಡಿಸಿ ತೋರಿಸ್ತಾರೆ, ಸದ್ದು ಅಂದ್ರೆ ಕಿವಿ ಮುಚ್ಕೋಬೇಕು, ಆಮೇಲೆ ಗೈಡು ಹಾಸಿನ ಒಂದು ಎಳೆ ಬೆರಳಲ್ಲಿ ಕಿತ್ತರು ಅಂದ ತಕ್ಷಣ ಇಡೀ ಯಂತ್ರ ಟಕ್ ಅಂತ ನಿಂತ್ಬಿಡುತ್ತೆ. ಎಳೆ ಎಳೆಗೂ ಒಂದು ಸಣ್ಣ ತಗಡಿನ ಪಟ್ಟಿ ನೇತಾಡ್ತಿರುತ್ತೆ, ಎಳೆ ತುಂಡಾದ್ರೆ ಪಟ್ಟಿ ಬೀಳುತ್ತೆ, ಬಿದ್ರೆ ಮಗ್ಗ ನಿಲ್ಲುತ್ತೆ. ಕೆಟ್ಟ ಬಟ್ಟೆ ಒಂದಿಂಚೂ ನೇಯಲ್ಲ. ಅದು 1924ರ ಜಿ ಟೈಪ್ ಮಗ್ಗ, ಮಾಡಿದ್ದು ಬಡಗಿ ಮಗ ಸಾಕಿಚಿ ಟೊಯೋಡಾ. 1929ರಲ್ಲಿ ಇದರ ಪೇಟೆಂಟ್ ಹಕ್ಕನ್ನ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್‌ಗೆ 1 ಲಕ್ಷ ಪೌಂಡಿಗೆ ಮಾರೋ ಒಪ್ಪಂದ ಆಯ್ತು. ಮಗ ಕಿಚಿರೋ ಆ ಮಗ್ಗದ ಕಂಪ್ನಿಯೊಳಗೇ 1933ರಲ್ಲಿ ಕಾರಿನ ವಿಭಾಗ ಶುರು ಮಾಡ್ದ.

1935ರಲ್ಲಿ ಜಿ1 ಅಂತ ಲಾರಿ ಮಾಡಿದ್ರು. ಭಾರಿ ಕೆಟ್ಟ ಲಾರಿ. ದಾರಿ ದಾರಿಲಿ ಕೆಟ್ಟು ನಿಲ್ತಿತ್ತು. ಸೇಲ್ಸ್ ನೋಡ್ಕೊಳ್ಳೋಕೆ ಜನರಲ್ ಮೋಟಾರ್ಸ್ ಜಪಾನಿನಿಂದ ಕಮಿಯಾ ಅನ್ನೋರನ್ನ ಕರ್ಕೊಂಡು ಬಂದಿದ್ರು, ಅವ್ರ ಲೆಕ್ಕ ಸಿಂಪಲ್: ಗಾಡಿ ಕೆಟ್ರೆ ನಾವೇ ಹೋಗಿ ಬಿಟ್ಟಿ ರಿಪೇರಿ ಮಾಡ್ಬೇಕು, ಏನು ಮುರೀತು ಅಂತ ಬರ್ಕೊಂಡು ಬಂದು ಫ್ಯಾಕ್ಟರಿಗೆ ಹೇಳ್ಬೇಕು. ಇವತ್ತು ನೀವು ಹೇಳೋ "ಓನರ್ ತೃಪ್ತಿ" ಅಲ್ಲಿಂದ ಬಂದಿದ್ದು ಅಂತ ನನ್ನ ಅನಿಸಿಕೆ, ಒಳ್ಳೆ ಕಾರಿಂದ ಬಂದಿದ್ದಲ್ಲ. 1937ರಲ್ಲಿ ಬೇರೆ ಕಂಪ್ನಿ ಆಯ್ತು.

ಆಮೇಲೂ ಸುಖ ಇಲ್ಲ. ಯುದ್ಧ ಮುಗಿದ್ಮೇಲೆ 1950ರ ಹೊತ್ತಿಗೆ ದಿವಾಳಿ ಅಂಚಿಗೆ ಬಂದು, ಸ್ಟ್ರೈಕು, ಜನರನ್ನ ಮನೆಗೆ ಕಳಿಸಿದ್ರು, ಅದರ ಹೊಣೆ ಹೊತ್ತು ಕಿಚಿರೋನೇ ರಾಜೀನಾಮೆ ಕೊಟ್ಟ. ಸ್ವಲ್ಪ ದಿನಕ್ಕೇ ಕೊರಿಯಾ ಯುದ್ಧ ಶುರುವಾಗಿ ಅಮೆರಿಕಾ ಸೇನೆ ಲಾರಿ ಆರ್ಡರ್ ಕೊಡ್ತು, ಕಂಪ್ನಿ ಬದುಕ್ತು. ಕಿಚಿರೋ ಅದನ್ನ ಸರಿಯಾಗಿ ನೋಡ್ಲೇ ಇಲ್ಲ, 1952ರಲ್ಲಿ ತೀರ್ಕೊಂಡ. 1957ರಲ್ಲಿ ಕ್ರೌನ್ ಕಾರ್ ತಗೊಂಡು ಅಮೆರಿಕಾಗೆ ಹೋದ್ರು, ಅಲ್ಲಿನ ಹೈವೇ ಸ್ಪೀಡಿಗೆ ಇಂಜಿನ್ ಕಾದು ಗಾಡಿ ನಡುಗಿ ಮಾನ ಹೋಯ್ತು, ಕಾರು ಕಳಿಸೋದೇ ನಿಲ್ಲಿಸಬೇಕಾಯ್ತು. ಅಲ್ಲಿ ಮರ್ಯಾದೆ ಉಳಿಸಿದ್ದು ಲ್ಯಾಂಡ್ ಕ್ರೂಸರ್. 1965ರಲ್ಲಿ ಅಲ್ಲಿಗೆ ಕೊರೋನಾ ಕಾರು, 1966ರಲ್ಲಿ ಜಪಾನಲ್ಲಿ ಕೊರೊಲ್ಲಾ ಬಂದ್ಮೇಲೆ ಉಳಿದಿದ್ದು ಎಲ್ರಿಗೂ ಗೊತ್ತು.

ಬೆಣ್ಣೆದೋಸೆ_ದಾವಣಗೆರೆ
ವಾಸು ಅವ್ರೆ ಮಗ್ಗದ ವಿಷ್ಯ ಎತ್ತಿದ್ರಿ, ನಮ್ ಕಡೆ ಕೊಂಡಿ ಹೇಳ್ತೀನಿ ಕೇಳಿ. ಟೊಯೋಟಾದ ಇಂಡಿಯಾ ಪಾರ್ಟ್ನರ್ ಕಿರ್ಲೋಸ್ಕರ್ ಅಂದ್ರೆ ನಮಗೆ ಹರಿಹರ. ಮೈಸೂರು ಕಿರ್ಲೋಸ್ಕರ್ ಲೇತ್ ಅಂದ್ರೆ ಇವತ್ತಿಗೂ ಹಳೇ ವರ್ಕ್‌ಶಾಪ್‌ಗಳಲ್ಲಿ ಎರಕದ ಅಕ್ಷರದ ಸಮೇತ ನಿಂತಿರುತ್ತೆ. ಮೂಲಪುರುಷ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆ ಗುರ್ಲಹೊಸೂರು, ಬೆಳಗಾವೀಲಿ ಸೈಕಲ್ ಅಂಗಡಿ ಇಟ್ಟಿದ್ರು, ಆಮೇಲೆ ಕಬ್ಬಿಣದ ನೇಗಿಲು ಮಾಡಿ ಹೆಸರಾದ್ರು. ಟೊಯೋಟಾ ಜೊತೆ ಇವ್ರು ಕೈ ಸೇರಿಸಿದ್ದೂ ಮೊದಲು ಕಾರಿಗಲ್ಲ, ನೂಲಿನ ಯಂತ್ರಕ್ಕೆ. 1995ರಲ್ಲಿ ಜಿಗಣೀಲಿ ಟೆಕ್ಸ್‌ಟೈಲ್ ಮೆಷಿನರಿ ಫ್ಯಾಕ್ಟರಿ. ಕಾರಿನ ಕಂಪ್ನಿ ಆಗಿದ್ದು 1997ರಲ್ಲಿ, ಬಿಡದೀಲಿ 432 ಎಕರೆ. ಇದಕ್ಕೆಲ್ಲ ಓಡಾಡಿದ್ದು ವಿಕ್ರಮ್ ಕಿರ್ಲೋಸ್ಕರ್, 2022ರ ನವೆಂಬರ್ ಕೊನೆಗೆ ಹೋಗ್ಬಿಟ್ರು, ಹೊಸ ಇನ್ನೋವಾ ಹೈಕ್ರಾಸ್ ಅನಾವರಣ ಆದ ಕೆಲವೇ ದಿನಕ್ಕೆ.

ಅಂದ ಹಾಗೆ ಸುಜುಕಿ ಕಂಪ್ನೀನೂ ಮಗ್ಗದಿಂದಲೇ ಶುರುವಾಗಿದ್ದು, 1909, ಹಮಾಮತ್ಸು. ಸಾಕಿಚಿ ಹುಟ್ಟಿದ ಊರಿಗೆ ಅದು ತೀರಾ ಹತ್ರ. ಒಂದೇ ಸೀಮೆಯ ಇಬ್ರು ಮಗ್ಗದವ್ರು ನೂರು ವರ್ಷ ಆದ್ಮೇಲೆ ಇಂಡಿಯಾಗೆ ಬಂದು ಒಬ್ರ ಕಾರಿಗೆ ಇನ್ನೊಬ್ರು ಬಿಲ್ಲೆ ಅಂಟಿಸ್ತಾ ಇದಾರೆ.

ಕುಹಕ_ಮೂರ್ತಿ
ಬಿಲ್ಲೆ ವಿಷ್ಯಕ್ಕೆ ಆಮೇಲೆ ಬರೋಣ. ಮೊದಲು ಭಜನೆ ಸ್ವಲ್ಪ ನಿಲ್ಲಿಸಿ. 2009, 2010ರಲ್ಲಿ ಆಕ್ಸಿಲರೇಟರ್ ಪೆಡಲ್ ಅಂಟ್ಕೊಳ್ಳೋದು, ಫ್ಲೋರ್ ಮ್ಯಾಟ್ ಸಿಕ್ಕಾಕೊಳ್ಳೋದು ಅಂತ ಪ್ರಪಂಚದಾದ್ಯಂತ 80 ಲಕ್ಷಕ್ಕೂ ಹೆಚ್ಚು ಕಾರು ರೀಕಾಲ್ ಆಯ್ತು. ಆಗಿನ ಕಂಪ್ನಿ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕಾ ಸಂಸತ್ತಿನ ಸಮಿತಿ ಮುಂದೆ ಕೂತು ಕ್ಷಮೆ ಕೇಳ್ಬೇಕಾಯ್ತು. ಎಲೆಕ್ಟ್ರಾನಿಕ್ಸ್ ತಪ್ಪಿಲ್ಲ ಅಂತ ನಾಸಾದವ್ರು ಪರೀಕ್ಷೆ ಮಾಡಿ ಹೇಳಿದ್ರು ಸರಿ, ಆದ್ರೆ ಗ್ರಾಹಕರಿಗೆ ಸರಿಯಾದ ಮಾಹಿತಿ ಕೊಡ್ಲಿಲ್ಲ ಅಂತ 2014ರಲ್ಲಿ 120 ಕೋಟಿ ಡಾಲರ್ ಕಟ್ಟಿದ್ರು. 2023ರ ಕೊನೇಲಿ ಅವ್ರದೇ ಸಣ್ಣ ಕಾರಿನ ಕಂಪ್ನಿ ದೈಹಾತ್ಸು ಸೇಫ್ಟಿ ಟೆಸ್ಟಲ್ಲಿ ಮೋಸ ಮಾಡಿದ್ದು ಬಯಲಾಯ್ತು. 2024ರ ಜನವರೀಲಿ ಡೀಸೆಲ್ ಇಂಜಿನ್ನಿನ ಪವರ್ ಟೆಸ್ಟಲ್ಲಿ ಗೋಲ್‌ಮಾಲ್ ಅಂತ ಗೊತ್ತಾಗಿ ಇಲ್ಲೂ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಡಿಸ್ಪ್ಯಾಚ್ ಕೆಲವು ದಿನ ನಿಲ್ಲಿಸಿದ್ರು. ಆ ಟೆಸ್ಟ್ ಮಾಡಿದ್ದು ಯಾರು ಗೊತ್ತಾ, ಟೊಯೋಟಾ ಇಂಡಸ್ಟ್ರೀಸ್. ಅಂದ್ರೆ ವಾಸು ಹೇಳಿದ ಅದೇ ಮಗ್ಗದ ಕಂಪ್ನಿ! ಎಳೆ ತುಂಡಾದ್ರೆ ನಿಲ್ಲೋ ಮಗ್ಗ ಮಾಡಿದವ್ರ ಮನೇಲೇ ಎಳೆ ತುಂಡಾಗಿದ್ದು ಯಾರಿಗೂ ಕಾಣ್ಲಿಲ್ಲ.

ನಗೋಯಾ_ವಾಸು
ಮೂರ್ತಿಗಳೇ, ಇದಕ್ಕೆ ನನ್ನ ಹತ್ರ ಎದುರು ಮಾತಿಲ್ಲ. ಇಲ್ಲೂ ಆಗ ದೊಡ್ಡ ಸುದ್ದಿ. ಇಂಜಿನ್ ಕೆಟ್ಟದ್ದು ಅಂತಲ್ಲ, ಪವರ್ ಅಳೆಯುವಾಗ ಗ್ರಾಫ್ ಚೆಂದ ಬರೋ ಥರ ಬೇರೆ ಸಾಫ್ಟ್‌ವೇರ್ ಹಾಕಿ ಅಳತೆ ಮಾಡಿದ್ರು ಅನ್ನೋದು ವಿಷ್ಯ. ಓಡಿಸೋರಿಗೆ ವ್ಯತ್ಯಾಸ ಗೊತ್ತಾಗ್ಲಿಕ್ಕಿಲ್ಲ, ಆದ್ರೆ ನಂಬಿಕೆ ಅನ್ನೋದು ಬೇರೆ ಲೆಕ್ಕ.

ಟೆಕ್ಸಸ್_ರಾವ್
ಇಲ್ಲಿ ಅಮೆರಿಕಾದಲ್ಲೂ ಅದೇ ಕಥೆ ಸ್ವಲ್ಪ ಬೇರೆ ಥರ. ಹಳೇ ದೊಡ್ಡ ವಿ8 ಇಂಜಿನ್ ತೆಗೆದು ಟಂಡ್ರಾ ಪಿಕಪ್ಪಿಗೆ ಟ್ವಿನ್ ಟರ್ಬೋ ವಿ6 ಹಾಕಿದ್ರು, 2024ರಲ್ಲಿ 1 ಲಕ್ಷಕ್ಕೂ ಮೇಲೆ ಗಾಡಿ ರೀಕಾಲ್, ಇಂಜಿನ್ ಒಳಗೆ ಕಡೆದ ಲೋಹದ ಚೂರು ಉಳಿದಿರಬಹುದು ಅಂತ. ಇದು ಮಲ್ಲಪ್ಪ ಅವ್ರು ಹೇಳಿದ "ಹಿಂಡೋ" ತೊಂದ್ರೆ ಅಲ್ಲ, ಫ್ಯಾಕ್ಟರೀಲಿ ಆದ ತಪ್ಪು, ಆದ್ರೂ ಹಳೇ ಇಂಜಿನ್ ಬಿಟ್ಟಾಗ್ಲೇ ಬಂತು ನೋಡಿ. ಅದೇ ವರ್ಷದ ಕೊನೆಗೆ ಇಲ್ಲಿನ ಗ್ರಾಹಕರ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ವಿಶ್ವಾಸಾರ್ಹತೆ ಪಟ್ಟೀಲಿ ಸುಬಾರು ಮೊದಲು, ಲೆಕ್ಸಸ್ ಟೊಯೋಟಾ ಅದರ ಹಿಂದೆ. ನಮ್ಮ ದೇಸಿ ಜನ ಮಾತ್ರ ಇನ್ನೂ ಕ್ಯಾಮ್ರಿ ಇಲ್ಲಾ ಸಿಯೆನ್ನಾ, ಬೇರೆ ಪ್ರಪಂಚವೇ ಇಲ್ಲ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋಗಿ ಪಾರ್ಕಿಂಗ್ ಲಾಟ್ ನೋಡಿ, ನಿಮ್ಮ ಸಿಯೆನ್ನಾ ಯಾವುದು ಅಂತ ಹುಡುಕೋದೇ ಒಂದು ಕೆಲಸ.

ಕುಡ್ಲದ_ಮಾರಾಯ
ಗಲ್ಫಲ್ಲಿ ತುಂಬ ವರ್ಷ ಇದ್ದವ ನಾನು, ಈಗ ಊರಿಗೆ ಬಂದು ಕೂತಾಗಿದೆ. ಮಾರಾಯ್ರೆ, ಅಲ್ಲಿ ಟೊಯೋಟಾ ಅಂದ್ರೆ ಎಂತ ಗೊತ್ತುಂಟಾ, ಬೇಸಿಗೆಗೆ 48, 50 ಡಿಗ್ರಿ ಬಿಸಿ, ಮರಳು, ಎಸಿ ಒಂದು ನಿಮಿಷ ನಿಂತ್ರೆ ಜನ ಸಾಯ್ತಾರೆ. ಪೊಲೀಸಿಗೂ ಲ್ಯಾಂಡ್ ಕ್ರೂಸರ್, ಶೇಖನಿಗೂ ಲ್ಯಾಂಡ್ ಕ್ರೂಸರ್, ಕೋಳಿ ಸಾಗಿಸುವವನಿಗೆ ಹೈಲಕ್ಸ್, ನಮ್ಮಂಥವರಿಗೆ ಮೂರನೇ ಕೈ ಕೊರೊಲ್ಲಾ. ಆ ಕೊರೊಲ್ಲಾ ತಗೊಂಡು ಓಡಿಸಿ ಊರಿಗೆ ಬರುವಾಗ ಇನ್ನೊಬ್ಬ ಮಂಗಳೂರಿನವನಿಗೆ ಹೆಚ್ಚು ಕಡಿಮೆ ಅದೇ ರೇಟಿಗೆ ಕೊಟ್ಟು ಬರುವುದು. ಅವನು ಊರಿಗೆ ಬರುವಾಗ ಇನ್ನೊಬ್ಬನಿಗೆ. ಯಾರೂ ಆ ಕಾರನ್ನು ಪ್ರೀತಿಸಲಿಲ್ಲ, ಆದ್ರೆ ಯಾರೂ ಅದರಿಂದ ಸೋಲಲಿಲ್ಲ ಸಹ. ಹಾಸನದವರು ಕೇಳಿದ ಪ್ರಶ್ನೆಗೆ ಇದೇ ಉತ್ತರ ಅಂತ ನನಗೆ ಕಾಣ್ತದೆ. ಹಳೇ ಎಚ್‌ಎಂಟಿ ವಾಚು ಇದ್ದ ಹಾಗೆ, ಕೈಗೆ ಕಟ್ಟಿದ್ದೇ ಮರೆತು ಹೋಗ್ತದೆ.

ಹಾಸನ್_ಹೈದ
ಅಬ್ಬಾ ಇಷ್ಟೊಂದು ನಿರೀಕ್ಷೆ ಮಾಡಿರ್ಲಿಲ್ಲ, ಥ್ಯಾಂಕ್ಸ್. ಮಾರಾಯ್ರ ಮಾತು ಹಿಡಿಸ್ತು. ಆದ್ರೆ ಈಗ ಶೋರೂಮಲ್ಲಿ ನಿಂತಿರೋ ಅರ್ಧ ಗಾಡಿ ಮಾರುತಿಯವು ಅಲ್ವಾ? ಆ ಹಳೇ ಹೆಸರಿನ ತೃಪ್ತಿ ಇವಕ್ಕೂ ಬರುತ್ತಾ?

ಟರ್ಬೋ_ತರುಣ್
ಇದೇ ಇದೇ. ಗ್ಲಾಂಜಾ ಅಂದ್ರೆ ಬಲೇನೋ. ರೂಮಿಯನ್ ಅಂದ್ರೆ ಎರ್ಟಿಗಾ. ಟೈಸರ್ ಅಂದ್ರೆ ಫ್ರಾಂಕ್ಸ್. ಗ್ರಿಲ್ಲು, ಬಂಪರ್ರು, ಲೋಗೋ ಚೇಂಜ್. ಅದನ್ನ ತಗೊಂಡು "ನಾನು ಟೊಯೋಟಾ ಓನರ್" ಅಂತ ಕಾಲರ್ ಮೇಲೆತ್ತೋರನ್ನ ನೋಡಿದ್ರೆ ನಗು ಬರುತ್ತೆ.

ಗ್ಲಾಂಜಾ_ಗೀತಾ
ನಗಿ ತರುಣ್, ಆರೋಗ್ಯಕ್ಕೆ ಒಳ್ಳೇದು. ನಾನು ಗ್ಲಾಂಜಾ ಓನರ್ರು, ಬಲೇನೋ ಅಂತ ಗೊತ್ತಿದ್ದೇ ತಗೊಂಡಿದ್ದು. ಒಳಗಿನ ಇಂಜಿನ್ ಒಂದೇ ಅಂದ್ಮೇಲೆ ನಂಗೆ ಮುಖ್ಯ ಆಗಿದ್ದು ವಾರಂಟಿ, ಸರ್ವಿಸ್ ಸೆಂಟರಲ್ಲಿ ರಶ್ ಕಮ್ಮಿ, ಫೋನ್ ಮಾಡಿದ್ರೆ ಎತ್ತುತ್ತಾರೆ. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ತಗೊಂಡು ಬರ್ತೀನಿ, ಏನೇನು ಬದಲಾಯಿಸಿದ್ರು ಅಂತ ಕೂತು ಹೇಳ್ತಾರೆ. ಕಾರ್ ಅಂದ್ರೆ ಬರೀ ಲೋಹ ಅಲ್ಲ, ಆಮೇಲೆ ನೋಡ್ಕೊಳ್ಳೋ ಜನಾನೂ ಸೇರಿಯೇ ಕಾರು. ವಾಸು ಬರೆದ ಆ ಕೆಟ್ಟ ಲಾರಿ ಕಥೆ ಓದಿ, ಕಮಿಯಾ ಅವ್ರು ಮಾರಿದ್ದು ಏನು ಹಾಗಾದ್ರೆ?

ಟರ್ಬೋ_ತರುಣ್
ಗುಡ್ ಪಾಯಿಂಟ್. ಆದ್ರೂ ನಗ್ತೀನಿ.

ಬಿಡದಿ_ತಟ್ಟೆಇಡ್ಲಿ
ಸ್ವಲ್ಪ ಲೇಟಾಗಿ ಬಂದೆ. ನಾನು ಬಿಡದಿಯವನೇ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಾರ್ಟ್ಸ್ ಮಾಡೋ ಒಂದು ಕಡೆ ಕೆಲ್ಸ. ಹೈರೈಡರ್ ಬಗ್ಗೆ ಒಂದು ಕ್ಲಾರಿಟಿ ಕೊಡ್ತೀನಿ, ಅದನ್ನ ಗ್ಲಾಂಜಾ ಸಾಲಿಗೆ ಸೇರಿಸ್ಬೇಡಿ. ಪ್ಲಾಟ್‌ಫಾರ್ಮ್ ಸುಜುಕಿದು ನಿಜ, ಮೈಲ್ಡ್ ಹೈಬ್ರಿಡ್ (ಮೋಟರ್ ಬರೀ ಇಂಜಿನ್ನಿಗೆ ಸಹಾಯ ಮಾಡೋದು) ಇಂಜಿನ್ನೂ ಸುಜುಕಿದು. ಆದ್ರೆ ಸ್ಟ್ರಾಂಗ್ ಹೈಬ್ರಿಡ್ (ಮೋಟರ್ ಒಂದೇ ಕೂಡ ಗಾಡಿ ಓಡಿಸಬಲ್ಲದು) 1.5 ಲೀಟರ್ ಮೂರು ಸಿಲಿಂಡರ್ ಇಂಜಿನ್ನು, ಮೋಟರ್ರು, ಟ್ರಾನ್ಸ್‌ಮಿಷನ್ನು ಟೊಯೋಟಾದ್ದೇ, ಗಾಡಿ ಜೋಡಿಸೋದೂ ಇಲ್ಲೇ ಬಿಡದೀಲಿ. ಮಾರುತಿ ಗ್ರ್ಯಾಂಡ್ ವಿಟಾರಾನೂ ಇಲ್ಲೇ ಶುರುವಾಗಿದ್ದು. ಮಾರುತಿ ಇನ್ವಿಕ್ಟೋ ಅಂತೂ ನಮ್ಮ ಹೈಕ್ರಾಸ್ಸೇ, ಅಲ್ಲಿ ಬಿಲ್ಲೆ ಉಲ್ಟಾ ಅಂಟಿದೆ.

ಇನ್ನು ಆ ಮಗ್ಗ ನಿಲ್ಲೋ ವಿಷ್ಯ, ಅದು ಲೈನಲ್ಲೂ ಇದೆ. ಆಂಡಾನ್ ಅಂತಾರೆ. ಕೆಲಸಗಾರನಿಗೆ ಏನೋ ಸರಿ ಇಲ್ಲ ಅನ್ಸಿದ್ರೆ ಹಗ್ಗ ಎಳೀಬೇಕು, ಮೇಲೆ ಬೋರ್ಡಲ್ಲಿ ಲೈಟ್ ಹತ್ತುತ್ತೆ, ಟೀಮ್ ಲೀಡರ್ ಓಡಿ ಬರ್ತಾನೆ, ಅಷ್ಟರಲ್ಲಿ ಸರಿ ಆಗ್ಲಿಲ್ಲ ಅಂದ್ರೆ ಲೈನ್ ನಿಲ್ಲುತ್ತೆ. ನಮ್ಮಂಥ ಸಪ್ಲೈ ಮಾಡೋರಿಗೆ ಕಾನ್‌ಬಾನ್ ಕಾರ್ಡು. ಗೋಡೌನಲ್ಲಿ ರಾಶಿ ಹಾಕಿ ಇಡೋ ಹಂಗಿಲ್ಲ, ಎಷ್ಟು ಬೇಕೋ ಅಷ್ಟೇ, ಯಾವಾಗ ಬೇಕೋ ಆವಾಗ್ಲೇ, ದಿನಕ್ಕೆ ಹತ್ತಾರು ಸಲ ಸಣ್ಣ ಸಣ್ಣ ಲೋಡ್. ಒಂದು ಬಾಕ್ಸಲ್ಲಿ ಕೆಟ್ಟ ಪೀಸ್ ಸಿಕ್ತು ಅಂದ್ರೆ ಹಿಂದೆ ಇರೋ ಸಾವಿರ ಪೀಸಿನ ಮರೆಯಲ್ಲಿ ಅದು ಬಚ್ಚಿಟ್ಟುಕೊಳ್ಳೋಕಾಗಲ್ಲ, ಆ ಗಂಟೇಲೇ ಗೊತ್ತಾಗುತ್ತೆ. ಇದನ್ನೆಲ್ಲ ಕಟ್ಟಿದ್ದು ತೈಚಿ ಓಹ್ನೋ ಅಂತ.

ಓನರ್ ತೃಪ್ತಿ ಬಗ್ಗೆ ಇಷ್ಟೆಲ್ಲ ಬರೆದ್ರಿ, ಮಾಡೋರ ತೃಪ್ತಿ ಬಗ್ಗೆ ಒಬ್ರೂ ಕೇಳ್ಲಿಲ್ಲ. 2014ರಲ್ಲಿ ವೇತನದ ಮಾತುಕತೆ ಮುರಿದು ಲಾಕೌಟ್ ಆಯ್ತು. 2020ರ ನವೆಂಬರಲ್ಲಿ ಒಬ್ಬ ಕೆಲಸಗಾರನ ಸಸ್ಪೆನ್ಷನ್ನಿಂದ ಶುರುವಾಗಿ ಧರಣಿ, ಲಾಕೌಟ್, ಸರ್ಕಾರ ಮಧ್ಯೆ ಬಂತು, ಆದ್ರೂ 2021ರ ಮಾರ್ಚ್ ತನಕ ಎಳೀತು. ಕೆಲಸದ ಒತ್ತಡ ಜಾಸ್ತಿ ಅನ್ನೋದು ಯೂನಿಯನ್ ಮಾತು, ಶಿಸ್ತು ಮುರಿದ್ರು ಅನ್ನೋದು ಮ್ಯಾನೇಜ್ಮೆಂಟ್ ಮಾತು. ಗೇಟ್ ಮುಂದೆ ಶಾಮಿಯಾನ ಹಾಕ್ಕೊಂಡು ಚಳೀಲಿ ಕೂತಿದ್ದ ಹುಡುಗರನ್ನ ನಾನು ದಿನಾ ನೋಡ್ಕೊಂಡು ಹೋಗ್ತಿದ್ದೆ. ಹಗ್ಗ ಎಳೆಯೋ ಅಧಿಕಾರ ಬಾಗಿಲು, ಬೋಲ್ಟ್‌ಗೆ ಮಾತ್ರನಾ ಇಲ್ಲಾ ಎಳೆಯೋ ಕೈಗೂ ಇದೆಯಾ ಅನ್ನೋದು ನನ್ನ ಪ್ರಶ್ನೆ. ಇನ್ನೊಂದು ಕಡೆ ಅದೇ ಕ್ಯಾಂಪಸ್ಸಲ್ಲಿ 2007ರಿಂದ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಇದೆ, ಹತ್ತನೇ ಕ್ಲಾಸ್ ಮುಗಿಸಿದ ಬಡ ಹಳ್ಳಿ ಹುಡುಗರು ಬಂದು ಕಲಿತು ಎಲ್ಲೆಲ್ಲೋ ಸೇರಿದಾರೆ. ಎರಡೂ ನಿಜ.

ಕುಹಕ_ಮೂರ್ತಿ
ಇಡ್ಲಿ ಅವ್ರೆ, ಈ ಥ್ರೆಡ್ಡಲ್ಲಿ ಇದೊಂದೇ ಹೊಸ ಮಾತು. 👏

ಯೆಲ್ಲೋಬೋರ್ಡ್_ಸಿದ್ದು
ಇಟಿಯೋಸ್ ಬಗ್ಗೆ ಯಾರೂ ಹೇಳ್ಲಿಲ್ಲ ಪಾಪ. 2010ರ ಕೊನೇಲಿ ಬಂತು, ಇಂಡಿಯಾಗೇ ಅಂತ ಮಾಡಿದ್ದು. ಮೀಟರು ಮಧ್ಯದಲ್ಲಿ, ಒಳಗೆ ಪ್ಲಾಸ್ಟಿಕ್ಕು ಸಾದಾ ಸೀದಾ, ಮನೆಗೆ ತಗೊಳ್ಳೋರು ಮೂಗು ಮುರಿದ್ರು. ನಮ್ ಹುಡುಗರು ಕಣ್ಣಿಗೆ ಒತ್ಕೊಂಡ್ರು. ಏರ್‌ಪೋರ್ಟ್ ಟ್ಯಾಕ್ಸಿ ತುಂಬ ಅದೇ, ಆ ಡಿಕ್ಕಿಗೆ ದೊಡ್ಡ ಸೂಟ್‌ಕೇಸ್ ಎಷ್ಟಿದ್ರೂ ಹೋಗ್ತಿತ್ತು. ಅದೇ ಗಾಡಿ ಕ್ರ್ಯಾಶ್ ಟೆಸ್ಟಲ್ಲಿ 4 ಸ್ಟಾರ್ ತಗೊಂಡಿತ್ತು, ಆಗಿನ ಕಾಲಕ್ಕೆ ಚಿಕ್ಕ ಗಾಡೀಲಿ ಅದು ದೊಡ್ಡ ಮಾತು. 2020ಕ್ಕೆ ನಿಲ್ಲಿಸಿದ್ರು. ಟ್ಯಾಕ್ಸಿ ಹಣೆಪಟ್ಟಿ ಬಿದ್ರೆ ಮನೆಯವ್ರು ಮುಟ್ಟಲ್ಲ, ಇನ್ನೋವಾಗೆ ಮಾತ್ರ ಆ ಶಾಪ ತಟ್ಲಿಲ್ಲ, ಎಂಎಲ್‌ಎನೂ ಅದರಲ್ಲೇ ಓಡಾಡಿದ್ರು ಅದಕ್ಕೆ.

ಹಾಸನ್_ಹೈದ
ಸರಿ ಈಗ ಮೇನ್ ಮ್ಯಾಟರ್. ಕ್ರಿಸ್ಟಾನಾ ಹೈರೈಡರ್ರಾ? ಹೈಬ್ರಿಡ್ ಬ್ಯಾಟ್ರಿ ಹೋದ್ರೆ ಲಕ್ಷಗಟ್ಲೆ ಅಂತ ಚಿಕ್ಕಪ್ಪ ಹೆದರಿಸ್ತಿದಾರೆ.

ನಗೋಯಾ_ವಾಸು
ಬ್ಯಾಟ್ರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಈ ಸಿಸ್ಟಮ್ 1997ರ ಟೊಯೋಟಾ ಪ್ರಿಯಸ್ ಕಾರಿನಿಂದ ಬಂದಿದ್ದು, ಹೊಸ ಪ್ರಯೋಗ ಅಲ್ಲ. ಇದರಲ್ಲಿ ಮಾಮೂಲಿ ಗೇರ್‌ಬಾಕ್ಸೇ ಇಲ್ಲ, ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಇಂಜಿನ್ನು ಎರಡು ಮೋಟರ್ರು ಒಂದು ಪ್ಲಾನೆಟರಿ ಗೇರ್ ಸೆಟ್ಟಿಗೆ ಸೇರ್ಕೊಂಡಿರುತ್ತೆ, ಯಾರು ಎಷ್ಟು ತಳ್ಳಬೇಕು ಅನ್ನೋದನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ. ಹೆಸರು ಇ-ಸಿವಿಟಿ ಅಂತಿದ್ರೂ ಮಾಮೂಲಿ ಸಿವಿಟಿ ಆಟೋಮ್ಯಾಟಿಕ್ ಥರ ಒಳಗೆ ಬೆಲ್ಟ್ ಇಲ್ಲ. ಸವೆಯೋ ಭಾಗಗಳೇ ಕಮ್ಮಿ. ಟ್ರಾಫಿಕ್ಕಲ್ಲಿ ಬ್ರೇಕ್ ಒತ್ತಿದಾಗ್ಲೆಲ್ಲ ಚಾರ್ಜ್ ಆಗುತ್ತೆ, ಹಾಗಾಗಿ ಬ್ರೇಕ್ ಪ್ಯಾಡೂ ಜಾಸ್ತಿ ದಿನ ಬರುತ್ತೆ. ಕಂಪ್ನಿ ಲೆಕ್ಕ ಲೀಟರಿಗೆ 27.97, ಅಷ್ಟು ನಿರೀಕ್ಷೆ ಬೇಡ, ನೆಲಮಂಗಲ ದಾಟಿ ಕಾಲು ಭಾರ ಮಾಡಿದ್ರೆ ಬೇಗ ಇಳಿಯುತ್ತೆ. ಸಿಟೀಲಿ ಇದರ ಆಟ.

ಬೆಣ್ಣೆದೋಸೆ_ದಾವಣಗೆರೆ
ಟ್ಯಾಕ್ಸ್ ಲೆಕ್ಕಾನೂ ಹಾಕ್ಕೊಳ್ಳಿ. ನಮ್ಮ ರಾಜ್ಯದಲ್ಲಿ 10 ಲಕ್ಷ ದಾಟಿದ್ರೆ ಶೇ 17, 20 ದಾಟಿದ್ರೆ ಶೇ 18, ಅದರ ಮೇಲೆ ಸೆಸ್ಸು. ಉತ್ತರ ಪ್ರದೇಶದಲ್ಲಿ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ರಿಜಿಸ್ಟ್ರೇಷನ್ ಟ್ಯಾಕ್ಸೇ ಮಾಫಿ ಮಾಡಿದ್ರು. ಬಿಡದೀಲಿ ಮಾಡಿದ ಗಾಡಿ, ಆಗ ಲಕ್ನೋದವನಿಗೆ ಸೋವಿ ಆಯ್ತು, ಹಾಸನದವನಿಗೆ ದುಬಾರಿ. ಯಾರಿಗೆ ಹೇಳೋಣ.

ಗ್ಯಾರೇಜ್_ಮಲ್ಲಪ್ಪ
ಹಳೇ ಕ್ರಿಸ್ಟಾ ತಗೋತೀನಿ ಅಂದ್ರ ಇಷ್ಟು ಕೇಳ್ರಿ. ಮೊದ್ಲ ಮೀಟರ್ ನಂಬಬ್ಯಾಡ್ರಿ. ನಮ್ಮ ಗಿರಾಕಿ ಒಬ್ರು ಒಂದು ಸೆಕೆಂಡ್ಸ್ ಡೀಲರ್ ಕಡಿಂದ 80 ಸಾವಿರ ಓಡಿದ್ದು ಅಂತ ಕ್ರಿಸ್ಟಾ ತಂದ್ರು. ನಾ ಡ್ರೈವರ್ ಸೀಟಿನ ಬಲಗಡೆ ಅಂಚು ನೋಡ್ದೆ, ಒಳಗಿನ ಫೋಮ್ ಕುಸದಿತ್ತು. ಬ್ರೇಕ್ ಪೆಡಲ್ ರಬ್ಬರ್ ಹೊಸಾದು, ಆದ್ರ ಕ್ಲಚ್ ಪೆಡಲ್ಲಿನ ಕಬ್ಬಿಣ ಕನ್ನಡಿಗತೆ ಹೊಳೀತಿತ್ತು. ಸ್ಟೇರಿಂಗ್ ಮ್ಯಾಲಿನ ಚರ್ಮ ನುಣ್ಣಗ. ಅಷ್ಟು ಸವೀಬೇಕಂದ್ರ ಮೂರು ಲಕ್ಷ ಓಡಿರಬೇಕು. ಶೋರೂಮಿನ ಸರ್ವಿಸ್ ಹಿಸ್ಟರಿ ತಗಸಿದ್ವಿ, ಮೂರು ವರ್ಷದ ಹಿಂದೇನ 2 ಲಕ್ಷದ ಎಂಟ್ರಿ ಇತ್ತು. ಟೊಯೋಟಾ ಗಾಡಿ ಗಟ್ಟಿ ಐತಿ ಅನ್ನೋದೇ ಈ ಮೋಸಗಾರರಿಗೆ ಬಂಡವಾಳ, ಬ್ಯಾರೆ ಗಾಡಿ ಆಗಿದ್ರ ಸದ್ದಿನಾಗ ಗೊತ್ತಾಗತಿತ್ತು.

ದೆಹಲಿ ನಂಬರ್ ಗಾಡಿ ಸೋವಿ ಸಿಗ್ತಾವ ಅಂತ ಓಡಬ್ಯಾಡ್ರಿ, ಅಲ್ಲಿ ಡೀಸೆಲ್ ಮ್ಯಾಲಿನ ಕಟ್ಟುನಿಟ್ಟಿಗೆ ಜನ ಮಾರ್ತಾರ, ಇಲ್ಲಿಗೆ ತಂದು ಎನ್‌ಒಸಿ, ನಮ್ಮ ರಾಜ್ಯದ ಲೈಫ್ ಟ್ಯಾಕ್ಸು ಕಟ್ಟೂತನಕ ಉಳಿದದ್ದೆಲ್ಲಾ ಹೋಗ್ತದ. 2020ರ ಏಪ್ರಿಲ್ ಆದ ಮ್ಯಾಲಿನ ಬಿಎಸ್6 ಗಾಡಿಯಾದ್ರ ಡಿಪಿಎಫ್ ಅಂತ ಹೊಗಿಯಾಗಿನ ಮಸಿ ಹಿಡಿಯೋ ಫಿಲ್ಟರ್ ಇರ್ತದ, ಬರೀ ಮಾರ್ಕೆಟ್ಟು ಮನಿ ಅಂತ ಸಣ್ಣ ಸಣ್ಣ ಓಡಾಟಕ್ಕ ಅದು ಕಟ್ಕೋತದ, ಹೈವೇ ಹೊಡೀಬೇಕು. ಹಳೇ ಇನ್ನೋವಾ ಆದ್ರ ಟೈಮಿಂಗ್ ಬೆಲ್ಟ್ ಬದ್ಲಿ ಮಾಡಿದ ಬಿಲ್ ಕೇಳ್ರಿ, ಕ್ರಿಸ್ಟಾಕ್ಕ ಚೈನ್ ಐತಿ, ಆ ಚಿಂತಿ ಇಲ್ಲ. ಮನ್ಯಾಗ ನಾಕ ಮಂದಿ, ಊರು ಬೆಂಗ್ಳೂರು ಓಡಾಟ ಅಂದ್ರ ನಾ ಆದ್ರ ಹೈಬ್ರಿಡ್ಡೇ ತಗೊಂತೀನಿ. ಏಳು ಮಂದಿ ಇದ್ರ ಮಾತ ಬ್ಯಾರೆ.

ರಾಜಾಹುಲಿ_ಮಂಡ್ಯ
ಮಲ್ಲಪ್ಪಣ್ಣ ನೀವೂ ಹಿಂಗಂದ್ರೆ ಹೆಂಗೆ 😭

ಹಾಸನ್_ಹೈದ
ಮನೇಲಿ ನಾಲ್ಕೇ ಜನ. ಆದ್ರೆ ಅಮ್ಮ ಪ್ರತಿ ಸಲ ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಆಲೂಗಡ್ಡೆ ತುಂಬಿಸಿ ಕಳಿಸ್ತಾರೆ. ಹೈರೈಡರ್ ಹೈಬ್ರಿಡ್ಡಲ್ಲಿ ಬ್ಯಾಟ್ರಿ ಡಿಕ್ಕೀಲಿ ಇದೆ ಅಂತ ಕೇಳ್ದೆ, ಜಾಗ ಸಾಕಾಗುತ್ತಾ?

ಗ್ಲಾಂಜಾ_ಗೀತಾ
ನನ್ನ ತಮ್ಮನ ಹತ್ರ ಅದೇ ಗಾಡಿ ಇದೆ. ಬ್ಯಾಟ್ರಿ ಕೆಳಗಿರೋದ್ರಿಂದ ಡಿಕ್ಕಿ ನೆಲ ಮೇಲಕ್ಕೆ ಬಂದಿದೆ, ಎರಡು ಬ್ಯಾಗ್ ಅಡ್ಡಡ್ಡ ಇಟ್ರೆ ಪಾರ್ಸಲ್ ಟ್ರೇ ಮುಚ್ಚೋದು ಕಷ್ಟ. ಮೈಲ್ಡ್ ಹೈಬ್ರಿಡ್ಡಲ್ಲಿ ಜಾಗ ಜಾಸ್ತಿ, ಆದ್ರೆ ಮೈಲೇಜ್ ಅಷ್ಟಿಲ್ಲ. ಟೆಸ್ಟ್ ಡ್ರೈವಿಗೆ ಹೋಗುವಾಗ 25 ಕೆಜಿ ಅಕ್ಕಿ ಮೂಟೆ ಎರಡು ತಗೊಂಡೇ ಹೋಗಿ, ಸೇಲ್ಸ್‌ನವ್ರ ಎದುರಿಗೇ ಇಟ್ಟು ನೋಡಿ. ಅಮ್ಮನ್ನೂ ಕರ್ಕೊಂಡು ಹೋಗಿ, ತೆಂಗಿನಕಾಯಿ ಎಲ್ಲಿಡೋದು ಅಂತ ಅವ್ರೇ ಹೇಳ್ತಾರೆ.